ಟೋಕಿಯೊದ ನಿಂಜಾ ತರಗತಿ: ಸೇರಿದ್ದು, ಅನುಮಾನಪಟ್ಟದ್ದು, ಬಿಟ್ಟುಬಂದದ್ದು

ದೋಜೋದಿಂದ, ಅಂದರೆ ನಾನು ಸೇರಿದ್ದ ಯುದ್ಧಕಲೆ ಶಾಲೆಯಿಂದ, ಬರಬೇಕಿದ್ದ ದುಡ್ಡು ಕಳೆದ ವಾರ ನನ್ನ ಖಾತೆಗೆ ಬಂತು. ಪೂರ್ತಿ ಬರಲಿಲ್ಲ, ಮುಕ್ಕಾಲು ಪಾಲು ಬಂತು. ನನ್ನ ನಿಂಜಾ ಕಲಿಕೆ ಅಲ್ಲಿಗೆ ಮುಗಿಯಿತು. ಇಲ್ಲಿಗೆ ಪ್ರಾಜೆಕ್ಟ್ ಮೇಲೆ ಬರುವ ನಮ್ಮ ಹುಡುಗರು ಬಂದಿಳಿದ ತಿಂಗಳೊಳಗೆ ಕೇಳುವ ಪ್ರಶ್ನೆ ಒಂದಿದೆ: "ಅಣ್ಣಾ, ಒರಿಜಿನಲ್ ನಿಂಜುತ್ಸು ಎಲ್ಲಿ ಕಲಿಸ್ತಾರೆ?" ನಿಂಜುತ್ಸು ಎಂದರೆ ಹಳೆಯ ಜಪಾನಿನ ಗೂಢಚಾರರಾದ ನಿಂಜಾಗಳ ವಿದ್ಯೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಪುರಾಣ ಒಪ್ಪಿಸಿ ಸಾಕಾಗಿ, ಎಲ್ಲವನ್ನೂ ಒಂದೇ ಸಲ ಬರೆದಿಡುತ್ತಿದ್ದೇನೆ. ದೋಜೋದ ಹೆಸರು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ಅದು ಹೆಸರುವಾಸಿಯಾದ ದೊಡ್ಡ ಸಂಘಟನೆಗಳಿಗೆ ಸೇರಿದ್ದಲ್ಲ. ಟೋಕಿಯೊದ ಪೂರ್ವ ಭಾಗದ ಒಂದು ಸಣ್ಣ ಕಟ್ಟಡದ ಎರಡನೇ ಮಹಡಿಯಲ್ಲಿ ನಡೆಯುತ್ತಿದ್ದ ಸಣ್ಣ ಶಾಲೆ.

ನಮ್ಮ ಮನೆ ನಿಶಿ-ಕಸಾಯಿಯಲ್ಲಿ. ಟೋಕಿಯೊದ ಭಾರತೀಯರಲ್ಲಿ ಬಹಳ ಮಂದಿ ಇರುವ ಜಾಗ. ಅವರೆಬೇಳೆ ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಸ್ಟೇಷನ್ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಜಾಹೀರಾತು ಕಂಡೆ. "400 ವರ್ಷಗಳ ಅಖಂಡ ಪರಂಪರೆ, ಇಂಗ್ಲಿಷಿನಲ್ಲಿ ಪಾಠ" ಅಂತಿತ್ತು. ಬೆನ್ನುನೋವಿಗೆ ಏನಾದರೂ ವ್ಯಾಯಾಮ ಬೇಕಿತ್ತು, ಚಿಕ್ಕಂದಿನ ಆಸೆಯೂ ಒಂದಿತ್ತು. ಮೊದಲ ತರಗತಿಗೆ 2,000 ಯೆನ್. ಸೆನ್ಸೇ, ಅಂದರೆ ಗುರುಗಳು, ಅರವತ್ತು ದಾಟಿದವರು, ಮಿತಭಾಷಿ. ನೆಲಕ್ಕೆ ಬೀಳುವುದು ಹೇಗೆಂದು ಅವರು ತೋರಿಸಿದ ರೀತಿ ನೋಡಿದರೆ ಯಾರಾದರೂ ಸೇರಿಬಿಡುತ್ತಿದ್ದರು. ಬಿದ್ದದ್ದು ಕಂಡಿತು, ಸದ್ದು ಕೇಳಲಿಲ್ಲ.

ಸೇರುವುದಕ್ಕೆ ಬೇಕಾದ ಕಾಗದಗಳು: ಅರ್ಜಿ, ರೆಸಿಡೆನ್ಸ್ ಕಾರ್ಡಿನ ಎರಡೂ ಬದಿಯ ಪ್ರತಿ, ಆರೋಗ್ಯದ ಬಗ್ಗೆ ಸ್ವಯಂ ಘೋಷಣೆ, ತುರ್ತಿಗೆ ಕರೆಯಬೇಕಾದವರ ನಂಬರ್, "ಇಲ್ಲಿ ಕಲಿತದ್ದನ್ನು ಹೊರಗೆ ಹೇಳುವುದಿಲ್ಲ" ಎಂಬ ಪ್ರತಿಜ್ಞಾಪತ್ರ, ಮತ್ತು ತಿಂಗಳ ಫೀಸು ಖಾತೆಯಿಂದ ತಾನಾಗಿ ಕಡಿತವಾಗುವ ಬ್ಯಾಂಕ್ ಫಾರಂ. ಸತಾಯಿಸಿದ್ದು ಕೊನೆಯದು. ಜಪಾನಿನ ಎಷ್ಟೋ ಬ್ಯಾಂಕುಗಳಲ್ಲಿ ಸಹಿ ನಡೆಯುವುದಿಲ್ಲ, ಖಾತೆ ತೆರೆದಾಗ ಒತ್ತಿದ ಹಾಂಕೋ ಮುದ್ರೆಯೇ ಬೇಕು. ನನ್ನ ಮುದ್ರೆಯ ಅಂಚು ಸರಿಯಾಗಿ ಮೂಡಿಲ್ಲವೆಂದು ಫಾರಂ ವಾಪಸು ಬಂತು. ಮತ್ತೆ ಕಳಿಸಿ, ಕಾದು, ಅದು ಚಾಲೂ ಆಗುವ ಹೊತ್ತಿಗೆ ಒಂದೂವರೆ ತಿಂಗಳು. ಅಷ್ಟು ದಿನ ನಗದು. ಮುದ್ರೆ ಒತ್ತುವಾಗ ಕೆಳಗೆ ದಪ್ಪ ಪುಸ್ತಕ ಇಟ್ಟುಕೊಳ್ಳಿ, ಯಾರೂ ಹೇಳಿಕೊಡುವುದಿಲ್ಲ.

ಖರ್ಚು ಹೀಗೆ: ಪ್ರವೇಶ ಶುಲ್ಕ 10,000 ಯೆನ್, ತಿಂಗಳಿಗೆ 9,000, ಕಪ್ಪು ಉಡುಪು 8,500, ಕ್ರೀಡಾ ವಿಮೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ವಿಮೆಯಲ್ಲಿ ಜಿಪುಣತನ ಬೇಡ. ಪ್ರತಿ ಕ್ಯೂ (ಕಪ್ಪು ಬೆಲ್ಟಿಗೆ ಮುಂಚಿನ ಹಂತ) ಪರೀಕ್ಷೆಗೆ 5,000, ಅದರ ಪ್ರಮಾಣಪತ್ರಕ್ಕೆ ಬೇರೆ 3,000. ಆಯುಧಗಳ ದುಡ್ಡು ಇದರಲ್ಲಿ ಸೇರಿಲ್ಲ. ನಮ್ಮ ಮನೆಯವಳು ರಶೀದಿಗಳನ್ನು ಒಂದು ಕವರಿನಲ್ಲಿ ಹಾಕಿಡುತ್ತಾ ಬಂದಳು. "ಇರಲಿ ರೀ, ಯಾವಾಗಲಾದರೂ ಬೇಕಾಗತ್ತೆ" ಅಂದಿದ್ದಳು. ಬೇಕಾಯಿತು.

ಮೊದಲ ತಿಂಗಳುಗಳ ಬಗ್ಗೆ ನನಗೆ ದೂರಿಲ್ಲ. ಉರುಳುವುದು, ಬೀಳುವುದು, ಮಂಡಿ ಬಗ್ಗಿಸಿ ನಡೆಯುವುದು. ಬೆನ್ನುನೋವು ನಿಜವಾಗಿಯೂ ಕಡಿಮೆಯಾಯಿತು. ಇಷ್ಟಕ್ಕೇ ದುಡ್ಡು ತೆಗೆದುಕೊಂಡಿದ್ದರೆ ಇವತ್ತಿಗೂ ಕೊಡುತ್ತಿದ್ದೆ.

ಆಮೇಲೆ ಆಯುಧಗಳ ಸರದಿ ಬಂತು. ಮೊದಲು "ನಿಂಜಾ ಕತ್ತಿ". ನೆಟ್ಟಗಿನ ಅಲಗು, ಚೌಕಾಕಾರದ ಹಿಡಿತಟ್ಟೆ. ಗೋಡೆಗೆ ಒರಗಿಸಿ ಆ ತಟ್ಟೆಯ ಮೇಲೆ ಕಾಲಿಟ್ಟು ಹತ್ತುತ್ತಿದ್ದರಂತೆ. ಅಭ್ಯಾಸದ ಮೊಂಡು ಕತ್ತಿಗೆ 14,000 ಯೆನ್, ದೋಜೋದಿಂದಲೇ ಕೊಳ್ಳಬೇಕು. ಹತ್ತುವುದನ್ನು ತೋರಿಸಿ ಎಂದು ನಮ್ಮ ಜೊತೆಯ ಬ್ರೆಜಿಲ್ ಹುಡುಗ ಕೇಳಿದ. "ಅದು ಮೇಲಿನ ಹಂತದವರಿಗೆ" ಎಂದರು. ನಂತರ ಕುಸಾರಿಗಾಮಾ, ಅಂದರೆ ಸರಪಳಿ ಕಟ್ಟಿದ ಕುಡುಗೋಲು. ನಮಗೆ ಕೊಟ್ಟದ್ದು ಹಗ್ಗ ಮತ್ತು ರಬ್ಬರ್ ಗುಂಡಿನದು. ಬೀಸಿದವರಲ್ಲಿ ಹೆಚ್ಚಿನವರು ತಮ್ಮ ಮಂಡಿಗೇ ಹೊಡೆದುಕೊಂಡರು, ನಾನೂ ಹೊಡೆದುಕೊಂಡೆ. ಎದುರಾಳಿ ಮಾತ್ರ ಪಾಪ, ಹಗ್ಗ ಸುತ್ತಿಕೊಳ್ಳಲಿ ಎಂದು ಕೈ ಚಾಚಿ ನಿಂತಿರುತ್ತಿದ್ದ. ಅಂಗೈಗೆ ಕಟ್ಟುವ ಕಬ್ಬಿಣದ ಉಗುರು ಶುಕೋ, ಕಣ್ಣಿಗೆ ಎರಚುವ ಪುಡಿ, ಎಸೆಯುವ ನಕ್ಷತ್ರದಾಕಾರದ ಶುರಿಕೆನ್, ಇವೆಲ್ಲ ಸೇರಿ "ಆಯುಧ ಕೋರ್ಸ್" ಎಂಬ ಪ್ಯಾಕೇಜು. ಮುಂಗಡ 1,20,000 ಯೆನ್ ಕಟ್ಟಿದರೆ ಕಪ್ಪು ಬೆಲ್ಟಿನವರೆಗೆ ಎಲ್ಲವೂ ಒಳಗೊಂಡಂತೆ. ಕಟ್ಟಿದೆ.

ಇಲ್ಲೊಂದು ಎಚ್ಚರಿಕೆ. ಜಪಾನಿನಲ್ಲಿ ಹರಿತವಿಲ್ಲದ ನಕಲಿ ಕತ್ತಿಯನ್ನೂ ಸರಿಯಾದ ಕಾರಣವಿಲ್ಲದೆ ಹೊತ್ತು ತಿರುಗುವಂತಿಲ್ಲ, ಕಾನೂನಿದೆ. ಹರಿತವಿರುವುದಾದರೆ ಅಲಗು 6 ಸೆಂಟಿಮೀಟರ್ ದಾಟಿದರೆ ಸಾಕು, ತೊಂದರೆ. ಒಂದು ರಾತ್ರಿ ಪಾಠ ಮುಗಿಸಿ ಬರುವಾಗ ಪೊಲೀಸಿನವರು ನಿಲ್ಲಿಸಿದರು. ಕಪ್ಪಗಿನ ಉದ್ದ ಚೀಲ, ಕಪ್ಪು ಬಟ್ಟೆ, ವಿದೇಶಿ ಮುಖ; ಅವರ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆ. ತುಂಬ ವಿನಯದಿಂದಲೇ ಚೀಲ ಬಿಚ್ಚಿಸಿದರು, ಅಯಸ್ಕಾಂತ ಹಿಡಿದು ನೋಡಿದರು, ದೋಜೋಗೆ ಫೋನ್ ಮಾಡಿದರು. ಅರ್ಧ ಗಂಟೆ ರಸ್ತೆಯಲ್ಲಿ ನಿಂತದ್ದು. ಹೋಗುವವರು ಬರುವವರೆಲ್ಲ ನೋಡಿದರು. ಸದಸ್ಯತ್ವದ ಕಾರ್ಡ್ ಜೇಬಿನಲ್ಲೇ ಇರಲಿ, ಚೀಲಕ್ಕೆ ಬೀಗ ಇರಲಿ, ದಾರಿಯಲ್ಲಿ ಬೇರೆ ಕಡೆ ಸುತ್ತಬೇಡಿ.

ಅನುಮಾನ ಹುಟ್ಟಿದ್ದು ಆಯುಧಗಳಿಂದಲ್ಲ, ಕೈವರಸೆಯಿಂದ. ನಮ್ಮಲ್ಲಿ ಜೂಡೋ ಕಲಿತಿದ್ದ ಒಬ್ಬಳು ಸೇರಿಕೊಂಡಳು. ಸೆನ್ಸೇ ಅವಳ ಮಣಿಕಟ್ಟು ತಿರುಚಿದರು, ಅವಳು ಬೀಳಲಿಲ್ಲ. ನಾವೆಲ್ಲ ಅಷ್ಟು ದಿನ ಮುಟ್ಟುವ ಮೊದಲೇ ಬೀಳುತ್ತಿದ್ದೆವು. ಬೀಳುವುದೇ ಪಾಠ ಎಂದುಕೊಂಡಿದ್ದೆವು. "ನಿಜವಾಗಿ ಮಾಡಿದರೆ ಕೈ ಮುರಿಯುತ್ತದೆ, ಅದಕ್ಕೇ ನಿಧಾನ" ಎಂದರು. ಹಾಗಾದರೆ ರಕ್ಷಾಕವಚ ತೊಟ್ಟು ಒಂದು ಸಲ ಆಡೋಣವೇ ಎಂದು ಅವಳು ಕೇಳಿದಳು. ನಮ್ಮದು ಆಟವಲ್ಲ, ಕೊಲ್ಲುವ ವಿದ್ಯೆ, ಸ್ಪರ್ಧೆ ಇಲ್ಲ ಎಂಬ ಉತ್ತರ ಬಂತು. ನಾನು ಮೈಸೂರಿನವನು. ನಮ್ಮ ಸೋದರಮಾವ ಗರಡಿಮನೆಗೆ ಹೋಗುತ್ತಿದ್ದರು. ಅಲ್ಲಿ ಉಸ್ತಾದರ ವಂಶ ಯಾರೂ ಕೇಳುತ್ತಿರಲಿಲ್ಲ. ಮಟ್ಟಿಗೆ ಇಳಿದ ಮೇಲೆ ಪಟ್ಟು ಕೂತರೆ ಕೂತಿತು, ಇಲ್ಲದಿದ್ದರೆ ಬೆನ್ನಿಗೆ ಕೆಮ್ಮಣ್ಣು. ಈ ದೋಜೋದಲ್ಲಿ ಲೆಕ್ಕ ತಿರುಗುಮುರುಗು. ವಂಶಾವಳಿಯೇ ಸಾಕ್ಷಿ, ಪಟ್ಟುಗಳಿಗೆ ಪರೀಕ್ಷೆಯೇ ಇಲ್ಲ.

ಪರೀಕ್ಷೆ ಇದ್ದದ್ದು ಒಂದೇ. ಶಿಷ್ಯ ಕಣ್ಣುಮುಚ್ಚಿ ಮಂಡಿಯೂರಿ ಕೂರಬೇಕು, ಹಿಂದಿನಿಂದ ಗುರು ಬಿದಿರ ಕತ್ತಿ ಬೀಸುತ್ತಾರೆ, "ಕೊಲ್ಲುವ ಸಂಕಲ್ಪ"ವನ್ನು ಗ್ರಹಿಸಿ ಪಕ್ಕಕ್ಕೆ ಉರುಳಬೇಕು. ಇದು ಇವರ ಸ್ವಂತದ್ದಲ್ಲ. ಚೀಬಾ ಪ್ರಾಂತ್ಯದ ನೋದಾ ಊರಿನ ಬುಜಿನ್‌ಕಾನ್ ಸಂಘಟನೆಯ ಐದನೇ ದಾನ್ (ಕಪ್ಪು ಬೆಲ್ಟಿನವರ ದರ್ಜೆ) ಪರೀಕ್ಷೆ ಹೆಸರುವಾಸಿ, ಅದರದೇ ನಕಲು. ನಮ್ಮ ದೋಜೋದ ನೆಲ ಹಳೆಯ ಮರದ್ದು, ಹೆಜ್ಜೆ ಇಟ್ಟರೆ ಕಿರ್ರೆನ್ನುತ್ತದೆ. ಏಟು ತಿಂದವರಿಗೆ ಇನ್ನೊಂದು ಅವಕಾಶ, ಅದೂ ತಪ್ಪಿದರೆ ಮತ್ತೊಂದು. ಫೇಲಾದವರನ್ನು ನಾನು ನೋಡಲಿಲ್ಲ.

ಗೋಡೆಯ ಮೇಲೆ ಚೌಕಟ್ಟು ಹಾಕಿದ ಸುರುಳಿಯ ನಕಲೊಂದಿತ್ತು. ಕಾನ್ಬುನ್ ಕಾಲದ್ದು, ಅಂದರೆ 1661ರಿಂದ 1673ರ ನಡುವಿನದು ಎಂದು ಹೇಳುತ್ತಿದ್ದರು. ಪಾಠಕ್ಕೆ ಮುಂಚೆ ಅದಕ್ಕೆ ನಮಸ್ಕಾರ. ಮೂಲ ಸುರುಳಿ ನೋಡಬಹುದೇ ಎಂದು ಕೇಳಿದಾಗ, ನಾಲ್ಕನೇ ದಾನ್ ಆದಮೇಲೆ ಎಂದರು. ನಾಲ್ಕನೇ ದಾನ್‌ಗೆ ಎಷ್ಟು ವರ್ಷ, ಎಷ್ಟು ಲಕ್ಷ ಎಂದು ಮನಸ್ಸಿನಲ್ಲೇ ಗುಣಿಸಿ ಸುಮ್ಮನಾದೆ. ಒಳಗೆ ಉತ್ತರ ಸಿಗದಿದ್ದರೆ ಹೊರಗೆ ಹುಡುಕುವುದು ಎಂದು ಆವತ್ತೇ ನಿರ್ಧಾರ.

ನಮ್ಮ ಅದೃಷ್ಟ, ನಿಶಿ-ಕಸಾಯಿಯಿಂದ ತೋಜಾಯ್ ಲೈನ್ ಹಿಡಿದರೆ ರೈಲು ಬದಲಿಸದೆ ತಾಕೆಬಾಶಿ. ಇಳಿದು ಸ್ವಲ್ಪ ನಡೆದರೆ ಕಿತಾನೊಮಾರು ಉದ್ಯಾನದ ಹತ್ತಿರ ಜಪಾನಿನ ರಾಷ್ಟ್ರೀಯ ಪತ್ರಾಗಾರ. ನಿಂಜಾ ಗ್ರಂಥಗಳಲ್ಲೆಲ್ಲ ದೊಡ್ಡದು ಎನ್ನುವ ಬಾನ್ಸೆನ್‌ಶುಕಾಯ್‌ನ ಹಸ್ತಪ್ರತಿ ಇರುವುದು ಇಲ್ಲಿ. 1676ರಲ್ಲಿ ನಿಂಜಾಗಳ ತವರೆನಿಸಿದ ಇಗಾ ಸೀಮೆಯ (ಈಗಿನ ಮಿಎ ಪ್ರಾಂತ್ಯದಲ್ಲಿದೆ) ಫುಜಿಬಾಯಾಶಿ ಯಾಸುತಾಕೆ ಸಂಕಲಿಸಿದ್ದು. ಪ್ರವೇಶಕ್ಕೆ ದುಡ್ಡಿಲ್ಲ. ಗುರುತಿನ ಚೀಟಿ ಒಯ್ಯಿರಿ, ತೆರೆದಿರುವ ದಿನ ಮೊದಲೇ ನೋಡಿಕೊಳ್ಳಿ. ನನಗೆ ಎದುರಾದ ಅಡ್ಡಿ ಲಿಪಿಯದು: ಕುಂಚದ ಕೈಬರಹ. ನಾಲ್ಕು ವರ್ಷ ಜಪಾನೀ ಕಲಿತು ಗಳಿಸಿದ್ದೆಲ್ಲ ಮೊದಲ ಪುಟದಲ್ಲೇ ಮುಗಿಯಿತು. ಹಳೆಯ ಕೈಬರಹ ಓದಿಕೊಡುವ ಮಿವೋ ಎಂಬ ಉಚಿತ ಆ್ಯಪ್ ಇದೆ; ಅರ್ಧ ಸರಿ, ಅರ್ಧ ಊಹೆ. ಕೊನೆಗೆ ಆಧುನಿಕ ಜಪಾನೀ ಅನುವಾದವನ್ನೇ ಲೈಬ್ರರಿಯಿಂದ ತಂದು ಪಕ್ಕದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ರಾತ್ರಿ ಓದಿದೆ. ಇಂಗ್ಲಿಷ್ ಅನುವಾದವೂ ಇದೆ.

ಓದುತ್ತಾ ಹೋದಂತೆ ನಗು ಬಂತು, ಆಮೇಲೆ ಸಿಟ್ಟು. ಆ ಗ್ರಂಥ ಮನಸ್ಸಿನ ಶುದ್ಧಿಯಿಂದ ಶುರುವಾಗುತ್ತದೆ. ಗೂಢಚಾರರನ್ನು ಬಳಸುವ ಬಗ್ಗೆ ಸೇನಾಪತಿಗೆ ಸಲಹೆ, ವೇಷ ಮರೆಸಿ ಶತ್ರುಗಳ ನಡುವೆ ಬಾಳುವುದು, ರಾತ್ರಿ ಮನೆ ಹೊಗುವುದು, ಹವಾಮಾನ ಮತ್ತು ಗಳಿಗೆ ನೋಡುವುದು. ಕೊನೆಗೆ ಉಪಕರಣಗಳು: ಹತ್ತುವವು, ನೀರು ದಾಟುವವು, ಬೀಗ ಬಾಗಿಲು ತೆಗೆಯುವವು, ಬೆಂಕಿಯವು. ಬೆಂಕಿ ಮತ್ತು ಮದ್ದಿನ ಪಾಕಗಳೇ ರಾಶಿ ರಾಶಿ. ಕೈಕೈ ಮಿಲಾಯಿಸುವ ವರಸೆಗಳ ಅಧ್ಯಾಯ ಇಲ್ಲ. ಕಿಶೂ ಸೀಮೆಯ ನಾತೋರಿ ಎಂಬಾತ 1681ರಲ್ಲಿ ಬರೆದ ಶೋನಿಂಕಿ ಎಂಬ ನಿಂಜಾ ಗ್ರಂಥದಲ್ಲಿ ಗೂಢಚಾರ ಒಯ್ಯಬೇಕಾದ ಆರು ಸಾಮಾನು ಹೇಳಿದ್ದಾನೆ: ಹೆಣೆದ ಟೋಪಿ, ಕೊಕ್ಕೆ ಹಗ್ಗ, ಬರೆಯುವ ಕಡ್ಡಿ, ಔಷಧಿ, ಮೂರು ಶಾಕು (ಸುಮಾರು ಮೂರು ಅಡಿ) ಉದ್ದದ ವಸ್ತ್ರ, ಬೆಂಕಿ ಹೊತ್ತಿಸುವ ಸಾಧನ. ಕತ್ತಿ ಇಲ್ಲ, ನಕ್ಷತ್ರ ಇಲ್ಲ. ವೇಷಗಳ ಪಟ್ಟಿಯಲ್ಲಿ ಸನ್ಯಾಸಿ, ವ್ಯಾಪಾರಿ, ಬೀದಿಯ ಆಟಗಾರ, ಸಾಮಾನ್ಯ ಮನುಷ್ಯ. ಕಪ್ಪು ಉಡುಪಿನವನು ಯಾರೂ ಇಲ್ಲ. ನಾನು 8,500 ಯೆನ್ ಕೊಟ್ಟದ್ದು ಇದಕ್ಕೆ.

ಮುಂದಿನ ರಜೆಯಲ್ಲಿ ಮನೆಯವರನ್ನೂ ಕರೆದುಕೊಂಡು ಇಗಾಗೆ ಹೋದೆ. ನಗೋಯಾವರೆಗೆ ಶಿಂಕಾನ್ಸೆನ್, ಅಲ್ಲಿಂದ ಮುಂದೆ ನಿಧಾನ ರೈಲುಗಳು; ಟೋಕಿಯೊದಿಂದ ಒಂದೇ ದಿನದಲ್ಲಿ ಹೋಗಿ ಬರುತ್ತೇನೆಂದು ಹೊರಡಬೇಡಿ. ಇಗಾದ ಉಎನೋಶಿ ಸ್ಟೇಷನ್ನಿಗೆ ಈಗ "ನಿಂಜಾ ನಗರ" ಎಂಬ ಅಡ್ಡಹೆಸರು. 1581ರಲ್ಲಿ ಸೇನಾಧಿಪತಿ ಓದಾ ನೊಬುನಾಗಾನ ಸೈನ್ಯ ಸುಟ್ಟು ಬೂದಿ ಮಾಡಿದ ಸೀಮೆ ಇದು. ಇಗಾ-ರ‍್ಯೂ ನಿಂಜಾ ವಸ್ತುಸಂಗ್ರಹಾಲಯದಲ್ಲಿ ತಿರುಗುವ ಬಾಗಿಲು, ನೆಲದಡಿ ಬಚ್ಚಿಟ್ಟ ಕತ್ತಿ, ಆಯುಧಗಳ ಪ್ರದರ್ಶನ ಎಲ್ಲ ಇದೆ, ಮಕ್ಕಳಿಗೆ ಹಬ್ಬ. 2020ರ ಆಗಸ್ಟಿನಲ್ಲಿ ಇದೇ ಮ್ಯೂಸಿಯಮ್ಮಿಗೆ ಕಳ್ಳರು ನುಗ್ಗಿ ತಿಜೋರಿಯನ್ನೇ ಹೊತ್ತೊಯ್ದಿದ್ದರು, ಹತ್ತು ಲಕ್ಷ ಯೆನ್‌ಗೂ ಹೆಚ್ಚು ಹೋಯಿತು. ಪತ್ರಿಕೆಗಳು ಬಿಟ್ಟಾವೆಯೇ!

ಆ ಸೀಮೆಯಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಮಿಎ ವಿಶ್ವವಿದ್ಯಾಲಯದ ಕೆಲಸ. 2017ರಲ್ಲಿ ಅವರು ಅಂತರರಾಷ್ಟ್ರೀಯ ನಿಂಜಾ ಸಂಶೋಧನಾ ಕೇಂದ್ರ ತೆರೆದರು. 2020ರಲ್ಲಿ ಅಲ್ಲಿಂದ ಮೊದಲ ನಿಂಜಾ ಅಧ್ಯಯನದ ಸ್ನಾತಕೋತ್ತರ ಪದವೀಧರ ಹೊರಬಂದ. ಇತಿಹಾಸಕಾರ ಯಾಮಾದಾ ಯೂಜಿ ಅವರ ಬರಹಗಳು ಅಲ್ಲೇ ಸಿಕ್ಕಿದವು. ನೆಟ್ಟಗಿನ "ನಿಂಜಾ ಕತ್ತಿ"ಗೆ ಹಳೆಯ ಕಾಲದ ಆಧಾರವಿಲ್ಲ, ಅದು 20ನೇ ಶತಮಾನದ ಕೂಸು. ಶುರಿಕೆನ್ ಎಸೆತ ಇದ್ದದ್ದು ನಿಜ, ಆದರೆ ಅದನ್ನು ಶಾಸ್ತ್ರವಾಗಿ ಉಳಿಸಿಕೊಂಡದ್ದು ಸಮುರಾಯ್ ಶಾಲೆಗಳು (ಹೆಸರಿನ ಕೊನೆಯ ರ‍್ಯೂ ಎಂದರೆ ಶಾಲೆ). ನೆಗಿಶಿ-ರ‍್ಯೂ, ಶಿರಾಯ್-ರ‍್ಯೂಗಳಲ್ಲಿ ಎಸೆಯುವುದು ನಕ್ಷತ್ರವನ್ನಲ್ಲ, ಕಡ್ಡಿಯಂಥ ಉಕ್ಕಿನ ಮೊಳೆಯನ್ನು. ಇಗಾ ಮ್ಯೂಸಿಯಮ್ಮಿನ ಗೌರವ ನಿರ್ದೇಶಕರಾಗಿದ್ದ ಕವಾಕಾಮಿ ಜಿನಿಚಿ ಅವರನ್ನು "ಕೊನೆಯ ನಿಂಜಾ" ಎಂದು ಪತ್ರಿಕೆಗಳು ಕರೆದವು. ಈ ವಿದ್ಯೆಗೆ ಈ ಕಾಲದಲ್ಲಿ ಜಾಗವಿಲ್ಲ, ಉತ್ತರಾಧಿಕಾರಿ ಬೇಡ ಎಂದು ಅವರೇ ಹೇಳಿದ್ದಾರೆ. ಅವರ ಪರಂಪರೆಯನ್ನೂ ಪ್ರಶ್ನಿಸುವವರಿದ್ದಾರೆ.

ದೊಡ್ಡ ಸಂಘಟನೆಗಳ ಮಾತೂ ಇಲ್ಲಿ ಬರಬೇಕು, ಏಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಬುಜಿನ್‌ಕಾನ್ ಕಟ್ಟಿದ ಹಾತ್ಸುಮಿ ಮಾಸಾಕಿ ಕಲಿತದ್ದು ತಾಕಾಮಾತ್ಸು ತೋಶಿತ್ಸುಗು ಎಂಬವರಿಂದ. ಈ ತಾಕಾಮಾತ್ಸು 1972ರಲ್ಲಿ ತೀರಿಕೊಂಡರು. ಒಂಬತ್ತು ಶಾಲೆಗಳ ಉತ್ತರಾಧಿಕಾರ ಅವರಿಂದ ಬಂತು ಎನ್ನುತ್ತಾರೆ. ಗೆನ್‌ಬುಕಾನ್, ಜಿನೆನ್‌ಕಾನ್ ಇದೇ ಬುಡದಿಂದ ಒಡೆದ ಕೊಂಬೆಗಳು. ಆ ಒಂಬತ್ತರಲ್ಲಿ ಕೆಲವು ಕುಸ್ತಿ-ಆಯುಧ ಶಾಲೆಗಳಿಗೆ ಹೊರಗೂ ಬೇರೆ ಶಾಖೆಗಳಿವೆ, ಅವುಗಳ ಹಳಮೆಯ ಬಗ್ಗೆ ತಕರಾರು ಕಡಿಮೆ. ಆದರೆ ನಿಂಜಾ ಶಾಲೆ ಎನಿಸಿಕೊಂಡ ತೊಗಾಕುರೆ-ರ‍್ಯೂ ವಂಶಾವಳಿ 12ನೇ ಶತಮಾನದವರೆಗೆ ಹೋಗುತ್ತದೆ ಎಂಬ ಮಾತನ್ನು ಹಲವು ಇತಿಹಾಸಕಾರರು ಒಪ್ಪಿಲ್ಲ. ತಾಕಾಮಾತ್ಸು ಅವರಿಗಿಂತ ಹಿಂದಿನ ಕೊಂಡಿಗಳಿಗೆ ಹೊರಗಿನ ದಾಖಲೆ ಬೇಕು ಎಂಬುದು ಅವರ ತಕರಾರು. ನೋದಾಗೆ ಹೋಗಿ ಖುಷಿಯಾಗಿ ಕಲಿತು ಬಂದವರೂ ನನಗೆ ಗೊತ್ತು. ಅಲ್ಲಿ ಕಲಿಯಬೇಡಿ ಎನ್ನುತ್ತಿಲ್ಲ. ಹಳೆಯದು ಎಂಬ ಕಾರಣಕ್ಕೆ ಹೆಚ್ಚು ದುಡ್ಡು ಕೇಳಿದರೆ ಹಳಮೆಯ ಪುರಾವೆ ಕೇಳಿ ಎನ್ನುತ್ತಿದ್ದೇನೆ.

ನಿಜವಾದ ಹಳೆಯ ಶಾಲೆ ಹೇಗಿರುತ್ತದೆ ಎಂದು ನೋಡುವ ಆಸೆಯಿದ್ದರೆ ಅದೇ ತೋಜಾಯ್ ಲೈನಿನಲ್ಲಿ ತಾಕೆಬಾಶಿಯ ಮುಂದಿನ ಸ್ಟೇಷನ್ ಕುದಾನ್‌ಶಿತಾದಲ್ಲಿ ಇಳಿಯಿರಿ. ನಿಪ್ಪೊನ್ ಬುದೋಕಾನ್‌ನಲ್ಲಿ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಹಳೆಯ ಯುದ್ಧಕಲೆಗಳ ಪ್ರದರ್ಶನ ನಡೆಯುತ್ತದೆ. ಕಾತೋರಿ ಶಿಂತೋ-ರ‍್ಯೂನಂಥ 15ನೇ ಶತಮಾನದ ಶಾಲೆಯವರು ಗದ್ದಲವಿಲ್ಲದೆ ಬಂದು, ಮಾಡಿ, ನಮಸ್ಕರಿಸಿ ಹೋಗುತ್ತಾರೆ. ಚೀಬಾ ಪ್ರಾಂತ್ಯವೇ ಅದನ್ನು ಸಾಂಸ್ಕೃತಿಕ ಆಸ್ತಿ ಎಂದು ಗುರುತಿಸಿದೆ. ಅವರ ಪಠ್ಯದಲ್ಲಿ ಗೂಢಚಾರಿಕೆಯ ತಿಳಿವಳಿಕೆಯೂ ಒಂದು ಭಾಗ, ಅದೂ ಶತ್ರುವಿನ ಉಪಾಯ ಗೊತ್ತಿರಲಿ ಎಂದು.

ಇಷ್ಟೆಲ್ಲ ಆದಮೇಲೆ ಗೋಡೆಯ ಸುರುಳಿಯ ಫೋಟೋವನ್ನು ಆಫೀಸಿನ ಹಿರಿಯ ಸಹೋದ್ಯೋಗಿಗೆ ತೋರಿಸಿದೆ. ಅವರ ತಂದೆ ಹಳೆಯ ಪತ್ರಗಳನ್ನು ಓದಬಲ್ಲವರು. ಮರುದಿನ ಊಟದ ಹೊತ್ತಿಗೆ ಉತ್ತರ ಬಂತು. ಕೊನೆಯ ಸಾಲುಗಳಲ್ಲಿ ಊರಿನ ವಿಳಾಸವಿದೆ, ಅದರಲ್ಲಿ "ಮಿಎ-ಕೆನ್" ಎಂದು ಬರೆದಿದೆ. ಹಳೆಯ ಸಂಸ್ಥಾನಗಳನ್ನು ರದ್ದುಮಾಡಿ ಇಡೀ ದೇಶವನ್ನು ಕೆನ್‌ಗಳಾಗಿ, ಅಂದರೆ ಪ್ರಾಂತ್ಯಗಳಾಗಿ, ಹಂಚಿದ್ದು 1871ರಲ್ಲಿ. 1660ರ ದಶಕದಲ್ಲಿ ಕೂತು ಬರೆದವನಿಗೆ ಇನ್ನೂರು ವರ್ಷ ಮುಂದಿನ ಪ್ರಾಂತ್ಯದ ಹೆಸರು ಹೇಗೆ ಗೊತ್ತಾಯಿತು?

ಸೆನ್ಸೇ ಅವರನ್ನು ಎಲ್ಲರೆದುರು ಕೇಳಲಿಲ್ಲ. ಪಾಠ ಮುಗಿದ ಮೇಲೆ, ಒಬ್ಬರೇ ಇದ್ದಾಗ ತಲೆಬಾಗಿಯೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಅದು ನಂತರದ ಪ್ರತಿ, ನಕಲು ಮಾಡಿದವನು ಸೇರಿಸಿರಬಹುದು ಎಂದರು. ಆಗಬಹುದಾದ ಮಾತೇ. ಹಾಗಾದರೆ ಮೂಲ ಎಲ್ಲಿ ಎಂದೆ. ತಮ್ಮ ಗುರುಗಳ ಮನೆಯಲ್ಲಿತ್ತು, ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು ಎಂದರು. ನಾಲ್ಕನೇ ದಾನ್ ಆದವರಿಗೆ ಏನು ತೋರಿಸುತ್ತಿದ್ದರೋ ನಾನು ಕೇಳಲಿಲ್ಲ. ಮನುಷ್ಯ ಕೆಟ್ಟವರಲ್ಲ. ತಮಗೆ ಹೇಳಿದ್ದನ್ನು ಅವರು ನಂಬಿರಲೂಬಹುದು.

ಬಿಡುವುದು ಸೇರಿದ್ದಕ್ಕಿಂತ ಕಷ್ಟವಾಯಿತು. ಬಿಡುವ ಅರ್ಜಿ ಹಿಂದಿನ ತಿಂಗಳೊಳಗೆ ಕಾಗದದಲ್ಲೇ ಕೊಡಬೇಕು, ಇಮೇಲ್ ನಡೆಯದು. ಕೊಟ್ಟ ಮೇಲೂ ಒಂದು ತಿಂಗಳ ಫೀಸು ಕಡಿತವಾಯಿತು. ಆಯುಧ ಕೋರ್ಸಿನ 1,20,000ದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಠ ಬಾಕಿ ಇತ್ತು. ಹಿಂತಿರುಗಿಸುವುದಿಲ್ಲ ಎಂದು ಅರ್ಜಿಯ ಹಿಂಬದಿಯಲ್ಲಿ ಅಚ್ಚಾಗಿದೆ ಎಂದರು. ಗ್ರಾಹಕ ಸಹಾಯವಾಣಿ 188ಕ್ಕೆ ಫೋನ್ ಮಾಡಿದೆ. ಜಪಾನೀ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾತು ವೇಗವಾಗಿ ಕಾನೂನಿಗೆ ಹೋಗುತ್ತದೆ. ಅಲ್ಲಿ ತಿಳಿದ ಕಹಿ ಸುದ್ದಿ: ದೀರ್ಘಾವಧಿ ಕೋರ್ಸುಗಳನ್ನು ನಡುವೆ ಬಿಡುವವರಿಗೆ ರಕ್ಷಣೆ ಕೊಡುವ ಕಾನೂನಿನ ಪಟ್ಟಿಯಲ್ಲಿ ಭಾಷಾ ತರಗತಿ ಇದೆ, ಕಂಪ್ಯೂಟರ್ ತರಗತಿ ಇದೆ, ಮದುವೆ ದಲ್ಲಾಳಿ ಸೇವೆಯೂ ಇದೆ, ಯುದ್ಧಕಲೆ ಇಲ್ಲ. ಸಿಹಿ ಸುದ್ದಿ: ಗ್ರಾಹಕ ಒಪ್ಪಂದ ಕಾಯಿದೆಯ ಪ್ರಕಾರ, ಸಂಸ್ಥೆಗೆ ಆಗುವ ಸರಾಸರಿ ನಷ್ಟಕ್ಕಿಂತ ಹೆಚ್ಚಿನ ರದ್ದತಿ ದಂಡ ಅಷ್ಟರಮಟ್ಟಿಗೆ ಊರ್ಜಿತವಲ್ಲ. ಪತ್ರದ ಒಕ್ಕಣೆಯನ್ನೇ ಅಂಚೆ ಕಚೇರಿ ಪ್ರಮಾಣೀಕರಿಸುವ ನೈಯೋ-ಶೋಮೆಇ ಅಂಚೆಯಲ್ಲಿ ಬರೆಯಿರಿ ಎಂದು ಸಹಾಯವಾಣಿಯಲ್ಲಿದ್ದಾಕೆ ಸಲಹೆ ಕೊಟ್ಟರು. ಆ ಅಂಚೆಗೆ ಸಾಲಿಗಿಷ್ಟು ಅಕ್ಷರ, ಪುಟಕ್ಕಿಷ್ಟು ಸಾಲು ಎಂಬ ನಿಯಮವಿದೆ, ಮೂರು ಪ್ರತಿ ಬೇಕು. ರಶೀದಿಗಳ ಕವರು ಇಲ್ಲಿ ಕೆಲಸಕ್ಕೆ ಬಂತು. ಆರು ವಾರ ಸದ್ದಿಲ್ಲ. ಆಮೇಲೆ ಒಂದು ದಿನ ಬಾಕಿ ಪಾಠಗಳ ಮೊತ್ತದ ಮುಕ್ಕಾಲು ಪಾಲು ಜಮೆಯಾಗಿತ್ತು, ಪತ್ರವಿಲ್ಲ.

ಇನ್ನೊಂದು ಮಾತು, ವೀಸಾ ಬಗ್ಗೆ. ದೋಜೋಗೆ ಸೇರಿದರೆ ವೀಸಾ ಮಾಡಿಸಿಕೊಡುತ್ತೇವೆ ಎಂದು ಊರಿನಲ್ಲಿರುವ ಹುಡುಗನೊಬ್ಬನಿಗೆ ಯಾರೋ ಹೇಳಿದ್ದರು. ಸಾಂಸ್ಕೃತಿಕ ಚಟುವಟಿಕೆಗಳ ವೀಸಾ ಎಂಬುದು ಇದೆ, ಆದರೆ ಕಲಿಸುವವರ ಯೋಗ್ಯತೆಗೂ ನಿಮ್ಮ ಖರ್ಚಿಗೂ ದಾಖಲೆ ಕೇಳುತ್ತಾರೆ, ಅನುಮತಿಯಿಲ್ಲದೆ ಸಂಪಾದನೆ ಮಾಡುವಂತಿಲ್ಲ. ಗೋಡೆಯ ಸುರುಳಿ ತೋರಿಸಿದರೆ ಇಮಿಗ್ರೇಶನ್‌ನವರು ನಮಸ್ಕಾರ ಮಾಡುವುದಿಲ್ಲ.

ಉಳಿದದ್ದು ಕತ್ತಿ. ಮನೆಯಲ್ಲಿ ಮಗು ಇದೆ, "ಅದನ್ನು ಮೊದಲು ಸಾಗಹಾಕಿ" ಎಂದು ಮನೆಯವಳದು ದಿನಾ ಮಾತು. 30 ಸೆಂಟಿಮೀಟರ್ ದಾಟಿದ್ದರಿಂದ ಸಾಮಾನ್ಯ ಕಸಕ್ಕೆ ಹಾಕುವಂತಿಲ್ಲ, ದೊಡ್ಡ ಕಸದ ವಿಭಾಗಕ್ಕೆ ಮೊದಲೇ ಹೇಳಿ, ಅಂಗಡಿಯಿಂದ ಚೀಟಿ ಕೊಂಡು ಅಂಟಿಸಬೇಕು. ಫೋನಿನಲ್ಲಿ ವಸ್ತು ಯಾವುದು ಎಂದು ಕೇಳಿದರು. ಅಭ್ಯಾಸದ ನಿಂಜಾ ಕತ್ತಿ ಎಂದೆ. ಆಕೆ ಸ್ವಲ್ಪ ಹೊತ್ತು ಹುಡುಕಿ, ನಮ್ಮ ಪಟ್ಟಿಯಲ್ಲಿ ಅಂಥದ್ದಿಲ್ಲ, ಗಾಲ್ಫ್ ಕೋಲು ಎಂದು ಬರೆದುಕೊಳ್ಳಲೇ ಎಂದರು. ಬರೆದುಕೊಳ್ಳಿ ಎಂದೆ. ಗುರುವಾರ ಬೆಳಿಗ್ಗೆ ಎಂಟರೊಳಗೆ ಕೆಳಗಿಡಬೇಕು.